ಬೆನ್ನ ಹಿಂದಿನ ಹೊಲಿಗೆ

ತಟ್.

ನಂದಾ ಕಣ್ಣು ಬಿಟ್ಟಳು. ಬಮ್ಮಿಗಟ್ಟಿ ಊರಿಗೆ ಊರೇ ಮಲಗಿದ್ದ ಹೊತ್ತು. ಬಚ್ಚಲ ಕಡೆಯಿಂದ ಮತ್ತೊಮ್ಮೆ, ತಟ್. ನಲ್ಲಿಯಲ್ಲ. ಮಲಗುವ ಮುಂಚೆ ನಲ್ಲಿಯನ್ನು ತಾನೇ ಬಿಗಿಯಾಗಿ ತಿರುವಿ ಬಂದಿದ್ದಳು. ಹಾಗಾದರೆ ಜಾಕೀಟು.

ಎದ್ದು ಹೋಗಿ ದೀಪ ಹಾಕಿದಳು. ಮಗಳ ಹೊಸ ಜಾಕೀಟಿನ ಬೆನ್ನನ್ನು ಖಾಲಿ ಬಕೆಟ್ಟಿನ ಬಾಯಿಗೆ ಜೋಳಿಗೆಯಂತೆ ಇಳಿಬಿಟ್ಟು, ಸುತ್ತಲೂ ಬಟ್ಟೆಯ ಕ್ಲಿಪ್ಪು ಸಿಗಿಸಿ, ಮೇಲೆ ಎರಡು ತಂಬಿಗೆ ನೀರು ಹೊಯ್ದಿಟ್ಟಿದ್ದಳು. ಈಗ ಬಕೆಟ್ಟಿನ ತಳದಲ್ಲಿ ನೀರಿತ್ತು. ಅದೂ ಬರಿ ನೀರಲ್ಲ, ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿತ್ತು.

"ಅನ್ಕೊಂಡಿದ್ದೆ," ಎಂದಳು ತನಗೆ ತಾನೇ.

ಮಗಳು ಐಶ್ವರ್ಯ ಹುಬ್ಬಳ್ಳಿಯಲ್ಲಿ ಓದುವವಳು. ಅವಳ ಕಾಲೇಜಿನ ತಂಡವೊಂದು ಶ್ರಾವಣದ ಮಳೆಯಲ್ಲಿ ಘಟ್ಟದ ಗುಡ್ಡ ಹತ್ತಲು, ಹಗ್ಗ ಕಟ್ಟಿಕೊಂಡು ಬಂಡೆ ಏರಲು ಹೊರಟಿತ್ತು. ಚಿಕ್ಕವಳಿದ್ದಾಗ ನ್ಯುಮೋನಿಯಾದಿಂದ ಬದುಕಿ ಉಳಿದ ಹುಡುಗಿ. ಆ ಆಸ್ಪತ್ರೆಯ ರಾತ್ರಿಗಳು ನಂದಾಳ ಕಿವಿಯಲ್ಲಿ ಇನ್ನೂ ಉಬ್ಬಸ ಬಿಡುತ್ತಿದ್ದವು. ಅದಕ್ಕೇ ಅವಳು ಷರತ್ತು ಹಾಕಿದ್ದಳು: ಜಾಕೀಟು ಒಂದು ಹನಿ ಸೋರಿದರೂ ಗುಡ್ಡವಿಲ್ಲ.

ದೊಡ್ಡ ಕಂಪನಿಯ ಜಾಕೀಟಿನ ಬೆಲೆ ನೋಡಿದರೆ ಮನೆಯ ಎರಡು ತಿಂಗಳ ಕಿರಾಣಿ ಕಣ್ಣ ಮುಂದೆ ಬರುತ್ತಿತ್ತು. ಹಾಗಾಗಿ ತಾಯಿ ಮಗಳು ಕಲಘಟಗಿಯ ಬಸ್‌ ಸ್ಟ್ಯಾಂಡ್ ಬಾಜೂಕಿನ ಯುನೂಸನ ಅಂಗಡಿಗೆ ಹೋಗಿದ್ದರು. ಛತ್ರಿ, ತಾಡಪತ್ರಿ, ರೇನ್‌ಕೋಟು ಮಾರುವ ಅಂಗಡಿ. ನಂದಾ ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ. ಮೊದಲೇ ಓದಿಕೊಂಡು ಹೋಗಿದ್ದಳು. ಬಟ್ಟೆ ಎಷ್ಟೇ ಗಟ್ಟಿಯಿದ್ದರೂ ನೀರು ನುಗ್ಗುವುದು ಸೂಜಿ ಹೊಕ್ಕ ತೂತಿನಿಂದ. ಹೊಲಿಗೆಯ ಮೇಲೆ ಒಳಗಡೆ ಅಂಟುಪಟ್ಟಿ ಕೂತಿರಬೇಕು. ಕಡುನೀಲಿಯ ಒಂದರಲ್ಲಿ ಪಟ್ಟಿ ಇತ್ತು, ಬೆಲೆಯೂ ಕೈಗೆಟುಕುವಂತಿತ್ತು. ಆದರೆ ಯುನೂಸ್, "ಇದು ತೋರಸಾಕ ಇಟ್ಟದ್ದು ಅಕ್ಕೋರ, ಹೊಸಾದು ತರ್ತೀನಿ," ಎಂದು ಅಟ್ಟ ಹತ್ತಿ ಬೇರೊಂದನ್ನು ತಂದು, ತಾನೇ ಮಡಚಿ ಚೀಲಕ್ಕೆ ಹಾಕಿದ್ದ.

ಆಗಲೇ ಬಿಚ್ಚಿ ನೋಡಬೇಕಿತ್ತು. ಮನೆಗೆ ಬಂದರೆ ಅತ್ತೆ ಶಾರದವ್ವ ಚೀಲ ಕಸಿದುಕೊಂಡು, ಹೊಸ ಬಟ್ಟೆ ದೇವರಿಗೆ ತೋರಿಸದೆ ಮುಟ್ಟುವಂತಿಲ್ಲ ಎಂದು ದೇವರ ಜಗಲಿಯ ಮೇಲಿಟ್ಟರು. ಸಂಜೆ ಕೈಗೆ ಬಂದಾಗ ಅಂಚಿನಲ್ಲಿ ಅರಿಶಿನದ ಚುಕ್ಕೆ ಇತ್ತು. ನಂದಾ ಅದನ್ನು ನೋಡಿ ನಕ್ಕು, ಹೊರಮೈ ಮೇಲೆ ಮಾಡಿ ನೇರ ಬಕೆಟ್ಟಿಗೆ ಇಳಿಬಿಟ್ಟಿದ್ದಳು.

ಬೆಳಿಗ್ಗೆ ತಾಯಿಯ ಮುಖ ನೋಡಿಯೇ ಐಶ್ವರ್ಯಳಿಗೆ ತಿಳಿಯಿತು.

"ಸೋರಿತು?"

"ಸೋರಿತು."

"ಅವ್ವಾ, ನಾ ಏನ್ ಬೆನ್ನ ಮ್ಯಾಲ ಕೆರಿ ಹೊತ್ಕೊಂಡು ಗುಡ್ಡಾ ಹತ್ತತೀನೇನ?"

"ಮಾತಂದ್ರ ಮಾತ, ಐಶಿ."

ಹುಡುಗಿಯ ಕಣ್ಣು ತುಂಬಿತು. ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಿದ್ದ ಶಾರದವ್ವ ತಲೆ ಎತ್ತದೆ, "ಸೋರಂಗಿಲ್ಲ ಬಿಡ. ಆ ಜಾಕೀಟು ಸೋರಂಗಿಲ್ಲ," ಎಂದರು.

ಇವರಿಗೆ ಹೇಗೆ ಗೊತ್ತು? ನಂದಾ ಅತ್ತೆಯನ್ನೊಮ್ಮೆ ದಿಟ್ಟಿಸಿದಳು. ಅಂಗಡಿಯವನ ಪರವಾಗಿ ಇವರ್‍ಯಾಕೆ ಮಾತಾಡುತ್ತಾರೆ? ಕೇಳಲು ಹೊತ್ತಿರಲಿಲ್ಲ. ಒದ್ದೆ ಜಾಕೀಟನ್ನು ಚೀಲಕ್ಕೆ ತುರುಕಿ, ಬೆಳ್ಳಗಿನ ನೀರನ್ನು ಸಾಕ್ಷಿಗೆಂದು ಬಾಟ್ಲಿಗೆ ತುಂಬಿಕೊಂಡು ಬಸ್ಸು ಹತ್ತಿದಳು.

"ನೋಡ್ರಿ ಯುನೂಸ್," ಎಂದು ಬಾಟ್ಲಿಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದಳು. "ನಿಮ್ಮ ಜಾಕೀಟಿನ ಲೇಪ ಒಂದ ರಾತ್ರಿಗೆ ಕರಗೇತಿ. ತೋರಿಸಿದ್ದೊಂದು, ಕೊಟ್ಟದ್ದೊಂದು."

ತಾಡಪತ್ರಿ ನೋಡುತ್ತಿದ್ದ ಭೀಮಶಿ ಎಂಬ ಮುದುಕ ಬಾಟ್ಲಿಯನ್ನು ಬೆಳಕಿಗೆ ಹಿಡಿದ. "ಏ ಯುನೂಸ್, ನಿನ್ನ ಜಾಕೀಟು ಹಾಲು ಹಿಂಡತೈತೇನಲೇ?"

"ಸುಮ್ಕಿರು ಕಾಕಾ. ಅಕ್ಕೋರ, ಅಲ್ಲಾನ ಆಣಿ, ಅದ ಮಾಲು ಕೊಟ್ಟೀನ್ರಿ."

"ಆಣಿ ಇಡಬ್ಯಾಡ್ರಿ. ಹೊಲಿಗಿ ಮ್ಯಾಲ ಪಟ್ಟಿನ ಇಲ್ಲ. ನಾನ ತೋರಸ್ತೀನಿ."

ಜಾಕೀಟು ಕೊಡವಿ ಒಳಮೈ ಹೊರಗೆ ಮಾಡಿದಳು. ಬೆರಳು ಹೆಗಲ ಹೊಲಿಗೆಗುಂಟ ಓಡಿತು. ಪಟ್ಟಿ ಇತ್ತು. ಇನ್ನೊಂದು ಹೆಗಲು. ಅಲ್ಲೂ ಇತ್ತು. ಕೊರಳಪಟ್ಟಿಯ ಕೆಳಗೆ, ಎರಡು ಹೆಗಲ ನಡುವೆ, ಬೆರಳಿಗೆ ಒಂದು ಗಂಟು ತಾಗಿತು.

ಹುಣಸೆಬೀಜದಷ್ಟು ಅರಿವೆಯ ಪುಟ್ಟ ಗಂಟು. ಸುತ್ತಲೂ ನೀಲಿ ದಾರದಲ್ಲಿ ಕೌದಿಯ ಸಣ್ಣ ಸಣ್ಣ ಹೊಲಿಗೆ. ಒತ್ತಿದರೆ ಬೆಳ್ಳಗೆ ಜಿನುಗಿತು. ಮೂಗಿನ ಹತ್ತಿರ ಹಿಡಿಯಬೇಕಾಗಲಿಲ್ಲ. ಮನೆಯ ದೇವರ ಜಗಲಿಯ ವಿಭೂತಿಯ ವಾಸನೆ ತಾನಾಗಿ ಬಂತು.

ನಿನ್ನೆ ಮಧ್ಯಾಹ್ನ ಅತ್ತೆ, "ಕಣ್ಣು ಕಾಣವಲ್ವು, ಸೂಜ್ಯಾಗ ದಾರಾ ಪೋಣಿಸಿ ಕೊಡ ನಂದಾ," ಎಂದಿದ್ದರು. ನೀಲಿ ದಾರ. ಕೌದಿಗೆಂದುಕೊಂಡು ಎಂಜಲು ಹಚ್ಚಿ ಪೋಣಿಸಿ ಕೊಟ್ಟವಳು ತಾನೇ. ಊರವರನ್ನೆಲ್ಲ ಅನುಮಾನಿಸಿ, ತನ್ನ ಕೈ ದಾಟಿಹೋದ ಸೂಜಿಯೊಂದನ್ನು ಮಾತ್ರ ಸುಮ್ಮನೆ ಬಿಟ್ಟಿದ್ದಳು.

ಯುನೂಸ್ ಬಗ್ಗಿ ನೋಡಿ ದನಿ ಇಳಿಸಿದ. "ಹಿರ್‍ಯಾರು ಹೊಲದಾರೇನ್ರಿ? ನಮ್ಮವ್ವ ನನ್ನ ಬೈಕಿನ ಸೀಟು ಬಿಚ್ಚಿ ತಾಯತ ಇಟ್ಟು ಹೊಲದಾಳ. ಮಳಿ ಬಂತಂದ್ರ ನನ್ನ ಪ್ಯಾಂಟು ನೋಡಬಾರದು."

ಅವಳಿಗೆ ನಗು ಬರಲಿಲ್ಲ. "ತಪ್ಪಾತ್ರಿ," ಎಂದಳು, ಅವನಿಗಷ್ಟೇ ಕೇಳುವಂತೆ.

"ಏನಾತ್ರಿ ಅಕ್ಕೋರ?" ಎಂದ ಭೀಮಶಿ.

"ಏನಿಲ್ರಿ. ಒಂದು ಕಡೆ ತೂತು ಬಿದ್ದಿತ್ತು."

ಯುನೂಸ್ ತಾಡಪತ್ರಿಗೆ ಹಚ್ಚುವ ಅಂಟುಪಟ್ಟಿ ಕೊಟ್ಟ. ಅವಳು ಅಲ್ಲೇ ಕೂತು ಹೊಲಿಗೆ ಬಿಚ್ಚಿ, ಬಟ್ಟೆ ಒಣಗಿಸಿ, ಒಳಗೂ ಹೊರಗೂ ಪಟ್ಟಿ ಒತ್ತಿದಳು. ಗಂಟನ್ನು ಜಾಕೀಟಿನ ಒಳಜೇಬಿಗೆ ಹಾಕಿ ಜಿಪ್ಪು ಎಳೆದಳು. ಎಸೆಯಬಹುದಿತ್ತು. ಕೈ ಬರಲಿಲ್ಲ. ದುಡ್ಡು ಕೊಡಹೋದರೆ ಅವನು ತೆಗೆದುಕೊಳ್ಳಲಿಲ್ಲ. ಅದೂ ಯಾಕೋ ಸಂಶಯವೇ ಅನಿಸಿತು: ನಾಳೆ ಯಾರೆದುರಾದರೂ ಆಡಿ ನಗುತ್ತಾನೋ ಏನೋ.

ಆ ರಾತ್ರಿ ಮತ್ತೆ ಎರಡು ತಂಬಿಗೆ ನೀರು. ನಂದಾ ಕಿವಿ ತೆರೆದುಕೊಂಡೇ ಮಲಗಿದಳು. ಬೆಳಿಗ್ಗೆ ಬಕೆಟ್ಟಿನ ತಳಕ್ಕೆ ಅಂಗೈ ಒತ್ತಿ ನೋಡಿದಳು. ಒಣಗಿತ್ತು.

ಹೊರಡುವ ದಿನ ಐಶ್ವರ್ಯ ಜಾಕೀಟು ತೊಟ್ಟು ಅಜ್ಜಿಯ ಕಾಲಿಗೆ ಬಿದ್ದಳು. ಎಬ್ಬಿಸುವ ನೆಪದಲ್ಲಿ ಶಾರದವ್ವನ ಕೈ ಮೊಮ್ಮಗಳ ಬೆನ್ನ ಮೇಲೆ ಹೋಗಿ ಕೊರಳ ಕೆಳಗೆ ನಿಂತಿತು. ಮುದುಕಿಯ ಬೆರಳು ಪಟ್ಟಿಯ ದಪ್ಪವನ್ನು ಸವರಿತು, ಗಂಟು ಅಲ್ಲೇ ಇದೆಯೆಂದು ಸಮಾಧಾನಗೊಂಡಂತೆ ಎರಡು ಸಲ ತಟ್ಟಿತು.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಶಾರದವ್ವ ಸೆರಗು ಸರಿಮಾಡಿಕೊಂಡು, "ನಾ ಹೇಳಲಿಲ್ಲೇನ? ಕಡೀಗೆ ಒಂದ ಹನಿ ಸೋರಲಿಲ್ಲ. ನೀ ಸುಳ್ಳ ಆ ಅಂಗಡಿ ಹುಡುಗಗ ಬೈದಿ," ಎಂದರು. ಬೆನ್ನ ಹಿಂದೆ ಏನೋ ಮಾಡಿ ಗೆದ್ದವರ ನಗು ಮುಖದ ತುಂಬ.

ನಂದಾ ಬಾಯಿ ತೆರೆದಳು. ನಾಲಗೆಯ ತುದಿಯಲ್ಲಿ ಸೂಜಿ, ತೂತು, ಬಾಟ್ಲಿ, ಎಲ್ಲ ಇತ್ತು. ಹೇಳಿದರೆ ಮುದುಕಿಗೆ ಗುಡ್ಡದಿಂದ ಮೊಮ್ಮಗಳು ಬರುವವರೆಗೆ ಅನ್ನ ಸೇರುವುದಿಲ್ಲ. ಮಗಳಿಗೆ ಹೇಳಿದರೆ ಅಜ್ಜಿಯನ್ನು ಆಡಿಕೊಂಡು ನಗುತ್ತಾಳೆ. ಯಾರಿಗೂ ಬೇಡ, ಎಂದುಕೊಂಡಳು. ಈ ಮಾತು ತನ್ನೊಳಗೇ ಇರಲಿ.

"ಹೌದ್ರೀ ಅತ್ತ್ಯಾರ," ಎಂದು ಬಾಯಿ ಮುಚ್ಚಿದಳು.