ಬೆಟ್ಟ ಹತ್ತಿ ನೋಡಿದ ಆರೋಗ್ಯ

ಶ್ರವಣಬೆಳಗೊಳದಲ್ಲಿ ಹಿತ್ತಾಳೆ ಸಾಮಾನಿನ ಅಂಗಡಿ ಇಟ್ಟಿದ್ದ ಜೀವಂಧರ ಬಾಯಿಬಿಟ್ಟರೆ ತನ್ನ ಆಪರೇಷನ್ನಿನದೇ ಮಾತು. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಊದಿಕೊಂಡು ಒಡೆಯುವಂತಾಗಿದ್ದಾಗ, 2005ರಲ್ಲಿ, ಬೆಂಗಳೂರಿನ ವೈದ್ಯರು ಹೊಟ್ಟೆ ಕೊಯ್ಯದೆ ತೊಡೆಸಂದಿಯಿಂದ ಕೊಳವೆಯೊಂದನ್ನು ತೂರಿಸಿ ಒಳಗೆ ಕೂರಿಸಿದ್ದರು. "ಹೊಲಿಗೆ ಎಲ್ಲಿದೆ, ಹುಡುಕಿ ನೋಡೋಣ!" ಎಂದು ಗಿರಾಕಿಗಳನ್ನು ಛೇಡಿಸುವುದು ಅವನಿಗೊಂದು ಖುಷಿ. ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ, ಕೊಳವೆ ಜಾರಬಹುದು, ಪಕ್ಕದಲ್ಲಿ ರಕ್ತ ಸೋರಬಹುದು, ನಿಮಗೆ ಗೊತ್ತೂ ಆಗುವುದಿಲ್ಲ ಎಂದು ಆ ವೈದ್ಯರು ಹೇಳಿದ್ದನ್ನು ಮಾತ್ರ ಗಾಳಿಗೆ ತೂರಿದ್ದ.

ಅದೇ ವಾರ್ಡಿನಲ್ಲಿ ಅದೇ ಆಪರೇಷನ್ ಆಗಿದ್ದ ರಾಮನಾಥಪುರದ ಹೊಗೆಸೊಪ್ಪು ಬೆಳೆಗಾರ ತಮ್ಮಯ್ಯ ಮರುವರ್ಷ ಅಂಗಡಿಗೆ ಬಂದ.

"ಸ್ಕ್ಯಾನಿಗೆ ಓಗಾನ ಬನ್ನಿ ಸಾ. ಜೊತೇಲಿ ಓದ್ರೆ ಧೈರ್ಯ."

"ಯಾಕ್ರೀ, ನೋವಿದೆಯಾ?"

"ಇಲ್ಲ. ಡಾಕ್ಟ್ರು ಯೋಳವ್ರಲ್ಲ."

"ಅವರಿಗೇನು, ಹೇಳ್ತಾರೆ. ನನ್ನ ಸ್ಕ್ಯಾನು ಅಲ್ಲಿದೆ ನೋಡಿ." ಜೀವಂಧರ ಬೆಟ್ಟ ತೋರಿಸಿದ. "ಹತ್ತಿ, ಸ್ವಾಮಿಗೆ ಕೈಮುಗಿದು, ಏದುಸಿರಿಲ್ಲದೆ ಇಳಿದ್ರೆ ಎಲ್ಲ ಸರಿಯಿದೆ ಅಂತ."

ಒಳಗಿದ್ದ ಹೆಂಡತಿ ರಾಜೀಮತಿ ತಡೆಯಲಾರದೆ, "ಬೆಟ್ಟಕ್ಕೆ ಹೊಟ್ಟೆಯೊಳಗಿನದು ಕಾಣುತ್ತಾ? ಅವರನ್ನಾದ್ರೂ ಕಳಿಸಿ" ಎಂದಳು. "ನೀನು ಸುಮ್ನಿರು" ಎಂದುಬಿಟ್ಟ.

ಇಬ್ಬರೂ ಚಪ್ಪಲಿ ಬಿಟ್ಟು ಬೆಟ್ಟ ಹತ್ತಿ ಇಳಿದರು. ತಮ್ಮಯ್ಯ ನಗುತ್ತಾ ಊರಿನ ಬಸ್ಸು ಹಿಡಿದ. ಅದರ ಮುಂದಿನ ವರ್ಷವೂ ಹಾಗೇ ಆಯಿತು.

ಮೂರನೆಯ ವರ್ಷ ಹೊಗೆಸೊಪ್ಪಿನ ಹರಾಜಿನ ಹೊತ್ತಿಗೆ ತಮ್ಮಯ್ಯನಿಗೆ ಬೆನ್ನು, ಹೊಟ್ಟೆ ನೋವು ಕಿತ್ತುಕೊಂಡು ಬಂತು. ಹಾಸನ ಮುಟ್ಟುವ ಮುಂಚೆಯೇ ಹೋಗಿಬಿಟ್ಟ. ಕೊಳವೆ ಜಾರಿ, ರಕ್ತನಾಳ ಒಡೆದಿತ್ತಂತೆ.

ಮಾತನಾಡಿಸಲು ಹೋದ ಜೀವಂಧರನಿಗೆ ತಮ್ಮಯ್ಯನ ಹೆಂಡತಿ ಮಾಯಮ್ಮ ಕಾಫಿ ಕೊಟ್ಟಳು. "ನಿಮ್ ಜತೆ ಬೆಟ್ಟ ಅತ್ತಿ ಇಳಿದಿದ್ನ ಊರಿಗೆಲ್ಲಾ ಯೋಳ್ಕಂಡು ತಿರುಗ್ತಿದ್ರು ಸಾ. ಸ್ಕ್ಯಾನು ಪಾಸಾಯ್ತು ಕಣೇ ಅಂತಿದ್ರು."

ಅವಳು ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಬೆಟ್ಟದ ಬುಡದಲ್ಲಿ ಚಪ್ಪಲಿ ಬಿಟ್ಟ. ಆಮೇಲೆ ಮತ್ತೆ ಮೆಟ್ಟಿಕೊಂಡು ಬಸ್ ಸ್ಟಾಂಡಿನ ಕಡೆ ನಡೆದ.

ಬೆಂಗಳೂರಿನಲ್ಲಿ ಸ್ಕ್ಯಾನ್ ನೋಡಿದ ವೈದ್ಯರು ತಲೆ ಎತ್ತಿ, "ಇಷ್ಟು ವರ್ಷ ಎಲ್ಲಿದ್ರಿ? ನಿಮಗೂ ಸೋರ್ತಾ ಇದೆ. ಸದ್ಯ, ಸರಿ ಮಾಡೋ ಹಂತದಲ್ಲಿ ಬಂದಿರಿ" ಎಂದು, "ಜೊತೆಗೆ ಯಾರು ಬಂದಿದ್ದಾರೆ?" ಎಂದು ಕೇಳಿದರು.

"ಒಬ್ಬರು ಬರ್ತೀನಿ ಅಂದಿದ್ರು ಡಾಕ್ಟ್ರೇ" ಎಂದ ಜೀವಂಧರ. "ನಾನೇ ಬೆಟ್ಟ ಹತ್ತಿಸಿ ವಾಪಸ್ ಕಳಿಸಿಬಿಟ್ಟೆ."