ರಿವರ್ಸ್ ಗೇರಿನ ದನಿ

ಚೆನ್ನಾಗಿ ನಡೆಯುತ್ತಿರುವ ವಸ್ತುವನ್ನು ಅದರ ಪಾಡಿಗೆ ಬಿಡುವುದು ಪ್ರಭುದೇವನ ಜಾಯಮಾನದಲ್ಲೇ ಇರಲಿಲ್ಲ. ಚೆನ್ನೈನ ತಿರುವೊಟ್ಟಿಯೂರಿನಲ್ಲಿದ್ದ ಅವನ ಮನೆಯಲ್ಲಿ ಫ್ಯಾನು, ಮಿಕ್ಸಿ, ಕಾಲಿಂಗ್ ಬೆಲ್ಲು ಯಾವುದೂ ಅವನ ಸ್ಕ್ರೂಡ್ರೈವರಿನಿಂದ ತಪ್ಪಿಸಿಕೊಂಡಿರಲಿಲ್ಲ. ಹಳೆಯ ಕಾರಿಗೂ ಒಂದು ಪೆಟ್ಟಿಗೆ ತಯಾರಿಸಿ ಜೋಡಿಸಿದ್ದ. ರಿವರ್ಸ್ ಗೇರು ಹಾಕಿದರೆ ಸಾಕು, ಅದರಲ್ಲಿ ತುಂಬಿಸಿಟ್ಟ ಹೆಂಡತಿ ಜಗದೇವಿಯ ದನಿ, ಗೋಡೆಗೆ ಗುದ್ದೀರಿ ಎಂಬಂತೆ ಗದರುತ್ತಿತ್ತು: "ಸಾವಕಾಶ್ ರೀ, ಹಿಂದ ಗ್ವಾಡಿ ಅದ!" ಪೆಟ್ಟಿಗೆಯಲ್ಲಿ ಹಿಡಿಯುವುದು ಒಂದೇ ಮಾತು, ಹೊಸದು ತುಂಬಿದರೆ ಹಳೆಯದು ಅಳಿಸಿಹೋಗುತ್ತದೆ.

ಮರುವರ್ಷ ಗಂಟಲಿನ ಆಪರೇಷನ್ ಆಗಿ ಜಗದೇವಿಯ ಮಾತು ನಿಂತೇಹೋಯಿತು. ಆಮೇಲೆ ಅವಳ ದನಿ ಉಳಿದದ್ದು ಕಾರಿನಲ್ಲಿ ಮಾತ್ರ. ಸಂಜೆಯಾದರೆ ಅವಳು ಮುಂದಿನ ಸೀಟಿನಲ್ಲಿ ಕೂತು ಗೇರಿನ ಕಡೆ ಬೆರಳು ತೋರಿಸುವಳು. ಅವನು ರಿವರ್ಸ್ ಹಾಕುವನು. ಗದರಿಕೆ ಕೇಳಿ ಅವಳು ನಗುವಳು.

ಕಡಲಿನ ಉಪ್ಪುಗಾಳಿಗೆ ಸ್ಪೀಕರು ಕರಕರ ಎನ್ನತೊಡಗಿತು.

"ನಲ್ಲಾದಾನೆ ಇರುಕ್ಕು, ವಿಡುಂಗಪ್ಪಾ," ಎಂದು ತಮಿಳಿನಲ್ಲೇ ಹೇಳಿದಳು, ಅಲ್ಲೇ ಬೆಳೆದ ಮಗಳು ಬಿಂದು.

ಚೆನ್ನಾಗೇ ಇದೆ, ಬಿಡಿ ಎಂದರೆ ಬಿಡುವ ಆಸಾಮಿಯೇ ಅವನು? ಭಾನುವಾರ ಪೆಟ್ಟಿಗೆ ಬಿಚ್ಚಿ ಹೊಸ ಸ್ಪೀಕರು ಬೆಸೆದ. ಬೋರ್ಡನ್ನು ಎಡಗೈಯಲ್ಲಿ ಒತ್ತಿ ಹಿಡಿದು ಬ್ಯಾಟರಿ ಸಿಕ್ಕಿಸಿದಾಗ ಕೆಂಪು ದೀಪ ಹೊತ್ತಿತು. ಹೆಬ್ಬೆರಳ ಕೆಳಗಿದ್ದದ್ದು ರೆಕಾರ್ಡಿಂಗ್ ಗುಂಡಿ ಎಂಬುದು ಆ ಹಿಗ್ಗಿನಲ್ಲಿ ಅವನಿಗೆ ಹೊಳೆಯಲೇ ಇಲ್ಲ.

ಸಂಜೆ ಜಗದೇವಿ ಬಂದು ಕೂತು ಬೆರಳು ತೋರಿಸಿದಳು. ಅವನು ರಿವರ್ಸ್ ಹಾಕಿದ. ಒಂದಿಷ್ಟೂ ಕರಕರವಿಲ್ಲದೆ ಅವನದೇ ದನಿ ಬಂತು: "ಆಹಾ, ಈಗ ಛಲೋ ಆತು ನೋಡು."

ಜಗದೇವಿ ಇನ್ನೊಮ್ಮೆ ಬೆರಳು ತೋರಿಸಿದಳು.