ಮುನಾವರ್ ಪಾಷಾನಿಗೆ ಬಂದ ಬಕ್ರೀದ್ ಕಾರ್ಡು

೨೦೦೪ರ ಬಕ್ರೀದಿಗೆ ಎರಡು ದಿನ ಇದ್ದಾಗ ಪೋಸ್ಟ್‌ಮನ್ ವೆಂಕಟಯ್ಯ ಮರಳೂರಿನ ಓಣಿಗೆ ಚೀಲ ತುಂಬ ಕಾರ್ಡು ಹೊತ್ತು ತಂದ. ಚುನಾವಣೆಗೆ ನಿಲ್ಲಲು ಹೊರಟಿದ್ದ ಅಂಜನಪ್ಪ ಹಬ್ಬದ ಶುಭಾಶಯ ಕಳಿಸಿದ್ದ. ಹಸಿರು ಗುಮ್ಮಟ, ಚಿನ್ನದ ಬಣ್ಣದ ಚಂದ್ರ, ಮೂಲೆಯಲ್ಲಿ ಕೈಮುಗಿದ ಅಂಜನಪ್ಪ. ಈ ಓಣಿಯ ಚರಂಡಿ ಯಾವ ಕಡೆ ಹರಿಯುತ್ತದೆಂದೂ ಗೊತ್ತಿರದ ಮನುಷ್ಯ ಒಬ್ಬೊಬ್ಬರಿಗೂ ಹೆಸರು, ಮನೆ ನಂಬರು ಹಾಕಿಸಿ ಹಾರೈಸಿದ್ದ!

ಬೀಡಿ ಕಟ್ಟುತ್ತಿದ್ದ ಅಖ್ತರ್ ಬಾನು ಮೊರ ಪಕ್ಕಕ್ಕಿಟ್ಟು ಎದ್ದಳು. ಅವಳ ಕೈಗೆ ಬಂದ ಕಾರ್ಡಿನ ಮೇಲೆ ಮುನಾವರ್ ಪಾಷಾ ಎಂದು ಅಚ್ಚಾಗಿತ್ತು. ಗಂಡ ತೀರಿಕೊಂಡು ಆರು ವರ್ಷ. ಬದುಕಿದ್ದಾಗ ಅವನ ಹೆಸರಿಗೆ ಒಂದು ಕಾಗದವೂ ಬಂದದ್ದಿಲ್ಲ. ಅಕ್ಷರದ ಮೇಲೆ ಬೆರಳಾಡಿಸಿದಳು.

“ನಂದೆಲ್ಲಿ ವೆಂಕಟಯ್ಯ?”

“ಓಟರ್ ಲಿಸ್ಟ್ ನೋಡ್ಕಂಡು ಹೊಡ್ಸವ್ರೆ ಕಣಮ್ಮ. ಲಿಸ್ಟಲ್ಲಿ ಇದ್ದೋರಿಗೆ ಬಂತು. ನಿಮ್ದಿಲ್ಲ.”

ಪಕ್ಕದ ಮನೆಯ ಸಾದಿಯಾ ಕಿಸಕ್ಕನೆ ನಕ್ಕಳು. “ಭಾಯಿ ಬಂದು ಓಟ್ ಹಾಕ್ತಾರೆ, ನೀವು ಆರಾಮಾಗಿ ಬೀಡಿ ಕಟ್ಟಿ ಆಪಾ.”

ಅಖ್ತರ್ ಬಾನು ನಗಲಿಲ್ಲ. ಗಂಡನ ಹೆಸರು ತೆಗೆಸಲು ಮರಣಪತ್ರ ಕೊಟ್ಟವಳು ಅವಳೇ. ತೆಗೆದ ಪುಣ್ಯಾತ್ಮ ಒಂದು ಸಾಲು ಕೆಳಗಿದ್ದ ಅವಳ ಹೆಸರನ್ನು ತೆಗೆದಿದ್ದ. ಹಾಗಾದರೆ ಈ ಸಲ ಓಟಿಲ್ಲ. ಬುರ್ಖಾ ಹಾಕಿಕೊಂಡು ನೆಟ್ಟಗೆ ಅಂಜನಪ್ಪನ ಆಫೀಸಿಗೆ ಹೋಗಿ ಕಾರ್ಡನ್ನು ಮೇಜಿನ ಮೇಲಿಟ್ಟಳು.

“ಸತ್ತೋರಿಗೆ ಶುಭಾಶಯ, ಬದುಕಿರೋಳಿಗೆ ಏನೂ ಇಲ್ವಾ ಸ್ವಾಮಿ?”

“ರುದ್ರಯ್ಯ, ಆ ಲಿಸ್ಟ್ ತಗಂಬಾರಯ್ಯ,” ಎಂದು ಅಂಜನಪ್ಪ ಆಫೀಸಿನವನನ್ನು ಕೂಗಿದ.

ಅಂಚಿನಲ್ಲಿ ತೂತಿದ್ದ ಕಂಪ್ಯೂಟರ್ ಕಾಗದ ಮಡಿಕೆ ಬಿಚ್ಚುತ್ತ ಬಿಚ್ಚುತ್ತ ಬಾಗಿಲವರೆಗೆ ಹೋಯಿತು. ಇಡೀ ಮರಳೂರು ನೆಲದ ಮೇಲೆ ಮಲಗಿತ್ತು. ಅಖ್ತರ್ ಬಾನು ಚಪ್ಪಲಿ ಬಿಟ್ಟು ಕೂತಳು. ಹಾಸಿಗೆ ಹೊಲಿಯುತ್ತಿದ್ದ ಚಾಚಾ ಇದ್ದ. ಅವಳ ಹೆರಿಗೆ ಮಾಡಿಸಿದ ಸೂಲಗಿತ್ತಿ ಇದ್ದಳು. ಮಣ್ಣಾದವರು, ನಿನ್ನೆ ಹಾಲು ಹಾಕಿ ಹೋದವರು, ಎಲ್ಲ ಅಕ್ಕಪಕ್ಕ, ವಯಸ್ಸಿನ ಸಮೇತ! ಬಗ್ಗಿ ನೋಡುತ್ತಿದ್ದ ಅಂಜನಪ್ಪನೂ ಒಂದು ಸಾಲಿನ ಮೇಲೆ ಬೆರಳಿಟ್ಟ.

“ತೀರ್ಕಂಡ ನಮ್ ಮೇಷ್ಟ್ರು ಕಣೋ... ಇವ್ರಿಗೂ ಕಳಿಸ್ಬುಟ್ರಾ?”

ರುದ್ರಯ್ಯ ಕಾಗದ ಮಡಚತೊಡಗಿದ.

ಅಂಜನಪ್ಪ ಹೆಸರು ಸೇರಿಸುವ ಫಾರಂ ತರಿಸಿದ. “ಓಟ್ ನಮಗೇ ತಾನೆ ತಾಯಿ?”

“ಮೊದ್ಲು ಹೆಸ್ರು ಬರ್ಲಿ. ಆಮೇಲಿಂದು ನನ್ಗೂ ಆ ಓಟಿನ ಮಿಷನ್ನಿಗೂ ಬಿಟ್ಟಿದ್ದು.”

ಓಟಿನ ದಿನ ಏಪ್ರಿಲ್ ಬಿಸಿಲಲ್ಲಿ ಶಾಲೆಯ ಮುಂದೆ ಸಾಲು ನಿಂತು ಅವಳು ಒಳಗೆ ಹೋದಳು. ಪಟ್ಟಿ ಹಿಡಿದ ಅಧಿಕಾರಿ ಏಜೆಂಟರಿಗೆಲ್ಲ ಕೇಳುವಂತೆ ಓದಿದ:

“ಅಖ್ತರ್ ಬಾನು, ಗಂಡ ಮುನಾವರ್ ಪಾಷಾ.”

ನಿಕಾಹ್ ದಿನ ಖಾಜಿ ಓದಿದ ಮೇಲೆ ಈ ಎರಡು ಹೆಸರನ್ನು ನಾಲ್ಕು ಜನರೆದುರು ಯಾರೂ ಒಟ್ಟಿಗೆ ಕೂಗಿರಲಿಲ್ಲ. ಅವಳು ಅಲ್ಲೇ ನಿಂತುಬಿಟ್ಟಳು.

“ಇನ್ನೊಂದ್ಸಲ ಓದಿ ಸ್ವಾಮಿ.”

ಹಿಂದಿನವರು ಗೊಣಗಿದರು. ಅಧಿಕಾರಿ ಅವಳ ಮುಖ ನೋಡಿ, ಮೊದಲಿಗಿಂತ ಜೋರಾಗಿ ಓದಿದ. ಅವಳು ಶಾಯಿಗೆ ಬೆರಳು ಚಾಚಿದಳು.